ಆಗಸ್ಟ್ ತಿಂಗಳ ಸೌಟು

ಕೊಲ್ಲಿ ದೇಶದ ಮೀನಾ ಅಬ್ದುಲ್ಲಾ ಎಂಬ ಊರಿನ ಕಾರ್ಮಿಕರ ಕ್ಯಾಂಪಿನಲ್ಲಿ ಅಡುಗೆಯ ಕಾಂತಪ್ಪನ ಮಾತಿಗೆ ಎದುರಿರಲಿಲ್ಲ. ಬಂಟ್ವಾಳದ ಕಡೆಯವನು. ಮುಖ ನೋಡಿಯೇ ಯಾರಿಗೆಷ್ಟು ಅನ್ನ ಬೇಕೆಂದು ಹೇಳುತ್ತೇನೆ ಎಂಬ ಜಂಭ ಬೇರೆ. ಆ ಜಂಭವೇ ಅವನನ್ನು ಮುಳುಗಿಸಿತು.

೧೯೯೦ರ ಆಗಸ್ಟಿನಲ್ಲಿ ಇರಾಕಿನ ಸೈನ್ಯ ನುಗ್ಗಿದಾಗ ಅವರನ್ನು ಕೆಲಸಕ್ಕೆ ಕರೆಸಿಕೊಂಡಿದ್ದ ಮಾಲೀಕ, ಕಫೀಲ್, ಗಡಿ ದಾಟಿ ಓಡಿದ. ಕಾಂತಪ್ಪನೂ ಸೇರಿ ಐದು ಮಂದಿಯ ಪಾಸ್‌ಪೋರ್ಟು ಅವನ ಬೀಗ ಹಾಕಿದ ಕಪಾಟಿನಲ್ಲೇ ಉಳಿಯಿತು. ಮಿಕ್ಕವರು ಜೋರ್ಡಾನಿನ ದಾರಿ ಹಿಡಿದರು. ಈ ಐವರಿಗೆ ಇದ್ದದ್ದು ಮೂರು ಮೂಟೆ ಅಕ್ಕಿ. ವರ್ಷವಿಡೀ ಬರಬೇಕೆಂದು ಕಾಂತಪ್ಪ ಹಟ ಹಿಡಿದ. ಆ ಸುಡುವ ಸೆಕೆಯಲ್ಲಿ ಯಾರಿಗೂ ಊಟ ಸೇರುತ್ತಿರಲಿಲ್ಲ, ಹೊತ್ತಿಗೊಂದು ಸೌಟು ಗಂಜಿ ಸಾಕೆನ್ನುತ್ತಿದ್ದರು. ಅದನ್ನೇ ಅಳತೆ ಮಾಡಿಕೊಂಡ.

ಡಿಸೆಂಬರಿನ ಚಳಿ ಬಂತು. ತಗಡಿನ ಗೋಡೆ, ತಲೆಗೊಂದೇ ಕಂಬಳಿ. ಬಾಯ್ಲರ್ ಕೆಲಸದ ಗದಗಿನ ಬಸಲಿಂಗಯ್ಯ ನಡುಗುತ್ತ ಮತ್ತೆ ತಟ್ಟೆ ಒಡ್ಡಿದ.

“ಕಂಬಳಿ ಹೊದ್ದು ಕೂತವರಿಗೆ ಹಸಿವೆ ಎಲ್ಲಿಂದ ಮಾರಾಯ್ರೆ? ಸೆಕೆಯಲ್ಲಿ ಒಂದು ಸೌಟು ಸಾಕಿತ್ತಲ್ಲ?”

“ಇಪ್ಪತ್ತ ವರ್ಷ ಬಾಯ್ಲರ್ ನೋಡೀನಿ ಕಾಂತಪ್ಪಾ. ಥಂಡಿ ಬಿತ್ತಂದ್ರ ಅದು ಎಣ್ಣಿ ಜಾಸ್ತಿ ಕುಡೀತೈತಿ. ಮೈಯೂ ಹಂಗ. ನಡಗಾಕೂ ಅನ್ನ ಬೇಕಪ್ಪ.”

ಕಾಂತಪ್ಪ ನಕ್ಕುಬಿಟ್ಟ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು ಎಂದು ಬುದ್ಧಿ ಹೇಳಿದ. ಅವನದೇ ಪ್ಯಾಂಟು ಸೊಂಟದಲ್ಲಿ ನಿಲ್ಲುತ್ತಿರಲಿಲ್ಲ, ಹಗ್ಗ ಕಟ್ಟಿಕೊಂಡಿದ್ದ. ಕೆಲಸವೇ ಇಲ್ಲದೆ ಮೈ ಹೀಗೇಕೆ ಕರಗುತ್ತಿದೆ ಎಂದು ಆ ಮೂಢ ಯೋಚಿಸಲಿಲ್ಲ.

ಫೆಬ್ರವರಿಯಲ್ಲಿ ಬಸಲಿಂಗಯ್ಯನಿಗೆ ಕೆಮ್ಮು ಹಿಡಿಯಿತು. ಅದನ್ನು ತಡೆಯಲು ಮೈಯಲ್ಲಿ ಏನೂ ಉಳಿದಿರಲಿಲ್ಲ. ಐದನೆಯ ದಿನ ನಡುಕ ನಿಂತಿತು. ಬೆಚ್ಚಗಾದನೆಂದು ಕಾಂತಪ್ಪ ಸಮಾಧಾನಪಟ್ಟ. ಮಧ್ಯಾಹ್ನದೊಳಗೆ ಪ್ರಾಣ ಹೋಯಿತು. ಕ್ಯಾಂಪಿನ ಹಿಂದೆ ಮರಳಿನಲ್ಲಿ ಹೂತರು.

ಒಂಬತ್ತು ದಿನಗಳ ಮೇಲೆ ಇರಾಕಿನವರು ಓಡಿದರು. ಎಣ್ಣೆ ಬಾವಿಗಳು ಉರಿದು ಹಾಡುಹಗಲೇ ಕತ್ತಲಾಗಿತ್ತು. ಊರನ್ನು ಅವರ ಕೈಯಿಂದ ಬಿಡಿಸಿದ ಸೈನಿಕರು ಊಟದ ಪೆಟ್ಟಿಗೆಗಳನ್ನು ಇಳಿಸಿ ಹೋದರು. ಕಾಂತಪ್ಪ ಉಗ್ರಾಣಕ್ಕೆ ಹೋಗಿ ನೋಡಿದ. ಮೂರನೆಯ ಮೂಟೆಯ ಹೊಲಿಗೆಯನ್ನೇ ಬಿಚ್ಚಿರಲಿಲ್ಲ.

ಅವನ ಊರಲ್ಲಿ ಸತ್ತವರಿಗೆ ಬಡಿಸುವ ಕ್ರಮವುಂಟು. ಹೊಲಿಗೆ ಹರಿದು ಅನ್ನ ಮಾಡಿದ. ಬಸಲಿಂಗಯ್ಯನ ತಟ್ಟೆಯನ್ನು ಖಾಲಿ ಮಂಚದ ಮುಂದಿಟ್ಟು ಒಂದು ಸೌಟು ಹಾಕಿದ. ಮತ್ತೊಂದು ಹಾಕಿದ. ತಟ್ಟೆ ತುಂಬಿ ನೆಲಕ್ಕೆ ಚೆಲ್ಲಿದರೂ ಕೈ ನಿಲ್ಲಲಿಲ್ಲ.