ಮೊದಲ ಪೀರಿಯಡ್ಡಿನ ಹಾಜರಿ

ಕನಕಪುರದಲ್ಲಿ ನಾನು ಓದಿದ ಕಾಲೇಜಿನಲ್ಲಿ ಇದ್ದದ್ದು ಎರಡೇ ಪಂಗಡ. ಟೌನಿನವರು, ಬಸ್ಸಿನವರು. ಟೌನಿನವರು ಬೈಕಿನಲ್ಲಿ ಬಂದು ಕ್ಯಾಂಟೀನಿನ ಮುಂದೆ ನಿಲ್ಲುತ್ತಿದ್ದರು, ಮನಸ್ಸಾದರೆ ಕ್ಲಾಸಿಗೆ ಹೋಗುತ್ತಿದ್ದರು. ಬಸ್ಸಿನವರು ಉಯ್ಯಂಬಳ್ಳಿ, ದೊಡ್ಡಆಲಹಳ್ಳಿ ಕಡೆಯಿಂದ ಫುಟ್‌ಬೋರ್ಡಿಗೆ ಜೋತುಬಿದ್ದು ಬಂದು, ಇಳಿದವರೇ ಓಡುತ್ತಿದ್ದರು. ನಾನೂ ಉಯ್ಯಂಬಳ್ಳಿ ಆಚೆಯ ಒಂದು ದೊಡ್ಡಿಯವನೇ (ನಮ್ಮ ಕಡೆ ಸಣ್ಣ ಹಳ್ಳಿಗೆ ದೊಡ್ಡಿ ಅನ್ನುತ್ತಾರೆ), ಕುರಿ ಕಾಯುವವರ ಮಗ. ಆದರೆ ಸರ್ಕಾರಿ ಹಾಸ್ಟೆಲ್ ಸಿಕ್ಕಿತ್ತು. ಅದಕ್ಕೇ ಬಸ್ಸಿನವರು ವಿದ್ಯಾರ್ಥಿ ಪ್ರತಿನಿಧಿ ಚುನಾವಣೆಗೆ ನನ್ನನ್ನು ನಿಲ್ಲಿಸಿದ್ದು.

"ನೀನೇ ನಿಂತ್ಕೊಳಣ್ಣ," ಅಂದವಳು ಪಕ್ಕದ ದೊಡ್ಡಿಯ ಹುಡುಗಿ. ಓದುತ್ತಿದ್ದದ್ದು ನನ್ನ ಕ್ಲಾಸಿನಲ್ಲೇ, ಆದರೂ ಊರಿನ ವರಸೆಯಲ್ಲಿ ನಾನು ಅವಳಿಗೆ ಅಣ್ಣ. "ನಾವು ಮೀಟಿಂಗು ಗೀಟಿಂಗು ಅಂತ ಕೂತ್ರೆ ಸಂಜೆ ಬಸ್ಸು ಹೊಂಟೋಯ್ತದೆ. ನಿಂಗೇನು, ಹಾಸ್ಟೆಲ್ ಮುದ್ದೆ ಎಲ್ಲೂ ಓಡೋಗಕಿಲ್ಲ."

ಅವಳಿಗೆ ಬೇಕಾಗಿದ್ದದ್ದು ಒಂದೇ. ಮೊದಲ ಪೀರಿಯಡ್ಡಿನ ಹಾಜರಿಯನ್ನು ಗಂಟೆ ಹೊಡೆದ ಕೂಡಲೇ ಕೂಗುವ ಬದಲು ಪಾಠ ಮುಗಿಯುವಾಗ ಕೂಗಬೇಕು. ಅವಳ ದೊಡ್ಡಿಯಿಂದ ಟಾರು ರಸ್ತೆಗೆ ಕಾಡಂಚಿನ ದಾರಿ. ರಾತ್ರಿ ಹೊಲಕ್ಕೆ ಇಳಿದ ಆನೆಗಳು ಬೆಳಗಿನ ಜಾವ ಅದೇ ದಾರಿಯಲ್ಲಿ ಹಿಂದಿರುಗುತ್ತವೆ. ಬಿಸಿಲು ಬೀಳುವ ತನಕ ಅಲ್ಲಿ ಯಾರೂ ಕಾಲಿಡುವುದಿಲ್ಲ. ಮೊದಲ ಬಸ್ಸು ಅಷ್ಟರಲ್ಲಿ ಹೋಗಿರುತ್ತದೆ. ಎರಡನೆಯದರಲ್ಲಿ ಬಂದರೆ ಕಾಲೇಜು ಮುಟ್ಟುವ ಹೊತ್ತಿಗೆ ಇತಿಹಾಸದ ಪಾಠ ಶುರುವಾಗಿ, ಹಾಜರಿ ಮುಗಿದಿರುತ್ತದೆ. ಒಳಗೆ ಕೂತು ಪಾಠ ಕೇಳಬಹುದು, ಆದರೆ ಪುಸ್ತಕದಲ್ಲಿ ಅವಳು ಗೈರುಹಾಜರು. ಹಾಜರಿ ಕಮ್ಮಿಯಾದರೆ ಪರೀಕ್ಷೆಗೆ ಕೂರಿಸುವುದಿಲ್ಲ. ಅವಳ ಅಪ್ಪ ಮೊದಲೇ ಹೇಳಿಬಿಟ್ಟಿದ್ದ: ಒಂದೇ ಏಟಿಗೆ ಡಿಗ್ರಿ ಮುಗಿಸಿದರೆ ಬಿ.ಎಡ್‌ಗೆ ಕಳಿಸುತ್ತೇನೆ, ಇಲ್ಲದಿದ್ದರೆ ರೇಷ್ಮೆ ಹುಳದ ಮನೆಗೆ ಒಂದಾಳು ಬೇಕೇ ಬೇಕು.

ಬಸ್ಸಿನವರೆಲ್ಲ ಸೇರಿ ಓಟು ಹಾಕಿದರು. ಟೌನಿನವರು ಹಿಂದಿನ ದಿನ ಬಿರಿಯಾನಿ ಹಂಚಿದ್ದರು. ನಮ್ಮವರು ಅದನ್ನೂ ತಿಂದು ನನಗೇ ಹಾಕಿದರು. ಊರಿಗೆ ಹೋದಾಗ ಅಪ್ಪ ಕುರಿ ಹಟ್ಟಿಯ ಬಾಗಿಲಲ್ಲೇ ಕೇಳಿದ:

"ಏನ್ಲಾ, ಮೆಂಬರ್ ಆದ್ಯಂತೆ?"

"ಪಂಚಾಯ್ತಿಗಲ್ಲಪ್ಪ, ಕಾಲೇಜಿಗೆ."

"ಪಂಚಾಯ್ತಿ ಮೆಂಬರಾದ್ರೆ ಬೀದಿ ದೀಪನಾದ್ರೂ ಹಾಕುಸ್ತಾನೆ. ನೀನೇನ್ ಹಾಕುಸ್ತೀಯ?"

ನಾನು ನಕ್ಕೆ. ನಮ್ಮ ವಂಶದಲ್ಲಿ ಪಿಯುಸಿ ದಾಟಿದವನು ನಾನೊಬ್ಬ, ನನ್ನನ್ನು ಆರಿಸಿ ಕಳಿಸಿದ್ದಾರೆ ಅನ್ನುವ ಹೆಮ್ಮೆ ಎದೆಯಲ್ಲಿ ತುಂಬಿತ್ತು.

ನಾನು ಏನು ಹಾಕಿಸಬಲ್ಲೆ ಅನ್ನುವುದು ಒಂದು ತಿಂಗಳಲ್ಲಿ ತಿಳಿಯಿತು. ಕುರ್ಚಿ. ಕುರ್ಚಿ ಹಾಕಿಸಬಲ್ಲೆ, ಶಾಮಿಯಾನ ಹಾಕಿಸಬಲ್ಲೆ. ಮುಖ್ಯ ಅತಿಥಿ ಬರುವಾಗ ಗೇಟಿನಲ್ಲಿ ನಿಂತು ಹೂಗುಚ್ಛ ಕೊಡಬಲ್ಲೆ. ಭಾಷಣ ಉದ್ದವಾದಾಗ ಹುಡುಗರು ಎದ್ದು ಹೋಗದ ಹಾಗೆ ಬಾಗಿಲು ಕಾಯಬಲ್ಲೆ. ವಿಶ್ವವಿದ್ಯಾಲಯದ ಕಾಗದದಲ್ಲಿ ವಿದ್ಯಾರ್ಥಿ ಪ್ರತಿನಿಧಿಯ ಹೊಣೆ ಅಂತ ಏನೇನೋ ಬರೆದಿತ್ತು, ಕುಂದುಕೊರತೆ, ಸಲಹೆ, ಸಹಭಾಗಿತ್ವ. ಕಾಲೇಜಿನಲ್ಲಿ ಅದಕ್ಕೆಲ್ಲ ಇದ್ದ ಹೆಸರು 'ಏ ರೆಪ್, ಬಾ ಇಲ್ಲಿ.' ಮೀಟಿಂಗಿಗೂ ಕರೆದರು, ಇಲ್ಲ ಅನ್ನುವುದಿಲ್ಲ. ಮೇಜಿನ ಕೊನೆಯಲ್ಲಿ ಒಂದು ಸ್ಟೂಲು ಹಾಕಿದ್ದರು. ಟೀ ಬಂದಾಗ ಎಲ್ಲರೂ ನನ್ನ ಮುಖ ನೋಡಿದರು. ಎದ್ದು ಹಂಚಿದೆ.

ಟೀ ಮುಗಿದ ಮೇಲೆ ಮಾತೆತ್ತಿದೆ. "ಸಾರ್, ಫಸ್ಟ್ ಪೀರಿಯಡ್ ಹಾಜರಿ..."

ಪ್ರಿನ್ಸಿಪಾಲರು ಕನ್ನಡಕ ಒರೆಸುತ್ತ, "ಏನಪ್ಪಾ ಅದು?" ಅಂದರು. ಹೇಳಿದೆ. ಆನೆ ಅಂದ ಕೂಡಲೇ ಒಬ್ಬರು ಮೇಷ್ಟರು ಕಿಸಕ್ ಅಂದರು.

"ಅಲ್ಲಯ್ಯ, ಆನೆಗೆ ನಾನು ಮೆಮೋ ಕೊಡೋಕಾಗುತ್ತೇನಯ್ಯ?" ಅಂದರು ಪ್ರಿನ್ಸಿಪಾಲರು. ಇಡೀ ರೂಮು ನಕ್ಕಿತು. "ಹಾಜರಾತಿ ವಿಶ್ವವಿದ್ಯಾಲಯದ ನಿಯಮ. ನನ್ನ ಕೈಲಿ ಏನಿದೆ?"

ಎಷ್ಟು ಹಾಜರಿ ಬೇಕು ಅನ್ನುವುದು ವಿಶ್ವವಿದ್ಯಾಲಯದ ನಿಯಮ, ಸರಿ. ಪೀರಿಯಡ್ಡಿನ ಮೊದಲಲ್ಲಿ ಕೂಗಬೇಕೋ ಕೊನೆಯಲ್ಲಿ ಕೂಗಬೇಕೋ ಅನ್ನುವುದು ಇವರದೇ ತೀರ್ಮಾನ. ಅದನ್ನು ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಮಾತು ಕ್ರೀಡಾಕೂಟಕ್ಕೆ ಹೋಗಿತ್ತು.

ಆ ಭಾನುವಾರ ಊರಿನಲ್ಲಿ ಅಪ್ಪನಿಗೆ ಇದನ್ನೆಲ್ಲ ಹೇಳಿದೆ. ಅಪ್ಪ ಬೀಡಿ ಆರಿಸಿ, ದಡ್ಡನನ್ನು ನೋಡುವ ಹಾಗೆ ನೋಡಿದ.

"ಬರಿಗೈಲಿ ಹೋದ್ಯೇನ್ಲಾ? ದೊಡ್ಡೋರ್ ತಾವ ಹಂಗೋಗದಾ? ಮೊದ್ಲು ಹಾರ ಹಾಕು, ಆಮೇಲೆ ಕೇಳು. ಹತ್ತು ಜನದ ಮುಂದೆ ಹಾರ ಹಾಕುಸ್ಕಂಡೋನು ಆಗಕಿಲ್ಲ ಅನ್ನಕಾಯ್ತದಾ? ನಮ್ಮೂರ್ ಬೋರ್‌ವೆಲ್ ಹೆಂಗ್ ಬಂತು ಅಂದ್ಕಂಡಿದ್ದೀಯ?"

ನಿಜ. ನಮ್ಮ ಕಡೆ ಕೆಲಸವಾದ ಮೇಲೆ ಹಾರ ಹಾಕುವುದಲ್ಲ, ಕೆಲಸವಾಗಲಿ ಅಂತ ಹಾಕುವುದು. ಬೋರ್‌ವೆಲ್ ಕೇಳಲು ಊರವರು ಶಾಸಕರ ಹತ್ತಿರ ಹೋದಾಗ ಮೊದಲು ಶಾಲು ಹೊದಿಸಿ, ಪೇಟ ಇಟ್ಟು, ಆಮೇಲೆ ಬಾಯಿ ಬಿಟ್ಟಿದ್ದರು. ಹಾರ ಬಿದ್ದ ಕೊರಳು ಋಣಕ್ಕೆ ಬೀಳುತ್ತದೆ ಅನ್ನುವುದು ನಮ್ಮವರ ನಂಬಿಕೆ. ಕುಡಿಯುವ ನೀರು ಆ ನಂಬಿಕೆಯಿಂದಲೇ ಬಂದಿತ್ತು, ಹಾಗಾಗಿ ನಾನೂ ನಂಬಿದೆ.

ಬಸ್ಸಿನವರಿಗೆ ಹೇಳಿದೆ. ಎಲ್ಲರೂ ಕೈಲಾದಷ್ಟು ದುಡ್ಡು ಹಾಕಿದರು. ಮೈಸೂರು ಪೇಟ, ಶಾಲು, ಹಣ್ಣಿನ ಬುಟ್ಟಿ ಬಂತು. ಹಾರವನ್ನು ಅವಳೇ ಮನೆಯ ಕನಕಾಂಬರ, ತುಳಸಿ ಸೇರಿಸಿ ಕಟ್ಟಿ ತಂದಳು. ರಾಜ್ಯೋತ್ಸವದ ದಿನ, ವಿಶ್ವವಿದ್ಯಾಲಯದ ದೊಡ್ಡವರೊಬ್ಬರು ವೇದಿಕೆಯಲ್ಲಿ ಕೂತಿರುವಾಗ ನಾವು ಐದಾರು ಜನ ಮೇಲೆ ಹತ್ತಿ ಪ್ರಿನ್ಸಿಪಾಲರಿಗೆ ಸನ್ಮಾನ ಮಾಡಿದೆವು. ಪೇಟ ಅವರ ತಲೆಗೆ ಒಸಿ ದೊಡ್ಡದಾಗಿ ಕಿವಿಯ ತನಕ ಇಳಿಯಿತು. ಅವರು ನಿಜಕ್ಕೂ ಸಂತೋಷಪಟ್ಟರು, ಕಣ್ಣು ಒದ್ದೆಯಾಯಿತು. ಸರಿ, ಈಗ ಕೇಳಬೇಕು ಅಂತ ನಾನು ಮೈಕಿನ ಕಡೆ ತಿರುಗಿದೆ.

ಮೈಕು ನಿರೂಪಣೆ ಮಾಡುತ್ತಿದ್ದ ಮೇಷ್ಟರ ಕೈಯಲ್ಲಿತ್ತು. ವಿದ್ಯಾರ್ಥಿ ಸಂಘದ ಉಸ್ತುವಾರಿಯೂ ಅವರದೇ. ನಾವು ಯಾಕೆ ಹತ್ತಿದ್ದೇವೆ ಅಂತ ಅವರಿಗೆ ಮುಂಚೆಯೇ ಹೇಳಿದ್ದೆ. ಅವರು ನನ್ನ ಭುಜದ ಮೇಲೆ ಕೈಯಿಟ್ಟು, ದನಿ ಏರಿಸಿ ಹೇಳಿದರು: "ದೂರದ ಊರುಗಳಿಂದ ಬರುವ ವಿದ್ಯಾರ್ಥಿಗಳ ಹಾಜರಾತಿ ಸಮಸ್ಯೆಗೆ ತಾಯಿಯ ಹೃದಯದಿಂದ ಸ್ಪಂದಿಸಿದ ನಮ್ಮ ಪ್ರಾಂಶುಪಾಲರಿಗೆ ವಿದ್ಯಾರ್ಥಿ ಪ್ರತಿನಿಧಿಗಳಿಂದ ಕೃತಜ್ಞತಾಪೂರ್ವಕ ಸನ್ಮಾನ! ಜೋರಾದ ಚಪ್ಪಾಳೆ!"

ಚಪ್ಪಾಳೆ ಬಿತ್ತು. ವಿಶ್ವವಿದ್ಯಾಲಯದವರು ತಲೆದೂಗಿ ಪ್ರಿನ್ಸಿಪಾಲರ ಕೈ ಕುಲುಕಿದರು. ನಾನು "ಸಾರ್, ಇನ್ನೂ ಆಗಿಲ್ಲ ಸಾರ್" ಅಂದೆ. ಅದು ಮೈಕಿಗೆ ಸಿಗಲಿಲ್ಲ. ಆಗಲೇ ಡೊಳ್ಳು ಕುಣಿತದ ಹುಡುಗರನ್ನು ಕರೆದಾಗಿತ್ತು. ಕೆಳಗೆ ಬಸ್ಸಿನವರು ಕೂಡ ಚಪ್ಪಾಳೆ ಹೊಡೆಯುತ್ತಿದ್ದರು, ಆಗೇಹೋಯಿತೇನೋ ಅಂದುಕೊಂಡು.

ಮರುವಾರವೂ ಹಾಜರಿಯನ್ನು ಗಂಟೆ ಹೊಡೆದ ಕೂಡಲೇ ಕೂಗಿದರು. ಪ್ರಿನ್ಸಿಪಾಲರ ರೂಮಿಗೆ ಹೋದೆ. ಗೋಡೆಯ ಮೇಲೆ ಆ ದಿನದ ಫೋಟೊ ಫ್ರೇಮಾಗಿ ಕೂತಿತ್ತು.

"ಮತ್ತೇನಯ್ಯ ಇದು? ನೀವೇ ಸನ್ಮಾನ ಮಾಡಿದ್ದೀರ. ವಿಶ್ವವಿದ್ಯಾಲಯದವರ ಎದುರು ಸಮಸ್ಯೆ ಬಗೆಹರಿದಿದೆ ಅಂತ ಆಯ್ತು. ಈಗ ಇಲ್ಲ ಅಂದ್ರೆ ಅವರು ನನ್ನನ್ನ ಏನಂದ್ಕೋತಾರೆ? ನಿಮ್ಮನ್ನ ಏನಂದ್ಕೋತಾರೆ?"

"ಸಾರ್, ನಾವು ಹಾರ ಹಾಕಿದ್ದು ಕೇಳೋದಕ್ಕೆ."

"ಕೇಳೋದಕ್ಕೆ ಯಾರಾದರೂ ಹಾರ ಹಾಕ್ತಾರಾ?" ಅಂದರು. ಅವರ ಮುಖದಲ್ಲಿ ಕುಹಕ ಇರಲಿಲ್ಲ. ಅವರು ಹುಟ್ಟಿ ಬೆಳೆದ ಕಡೆ ಯಾರೂ ಹಾಗೆ ಮಾಡಿರಲಿಕ್ಕಿಲ್ಲ. ಮೈಕು ಹಿಡಿದ ಮೇಷ್ಟರು ಮಾತ್ರ ನಮ್ಮ ಕಡೆಯವರೇ. ಕುರಿ ಕಾಯುವ ಮನೆಯಿಂದಲೇ ಬಂದು ಮೇಷ್ಟರಾದವರು. ಅವರಿಗೆ ಎಲ್ಲ ಗೊತ್ತಿತ್ತು. ನನ್ನ ಸಿಟ್ಟು ಇವತ್ತಿಗೂ ಅವರ ಮೇಲೆಯೇ.

ಪರೀಕ್ಷೆ ಹತ್ತಿರ ಬಂತು. ಹಾಜರಿ ಕಮ್ಮಿಯಾದವರ ಹೆಸರು ನೋಟಿಸ್ ಬೋರ್ಡಿಗೆ ಬಿತ್ತು. ಅದರಲ್ಲಿ ಅವಳ ಜೊತೆ ಟೌನಿನವರೂ ಇದ್ದರು. ವಾರದೊಳಗೆ ಕ್ಯಾಂಟೀನ್ ಮುಂದೆ ನಿಂತಿದ್ದವರಿಗೆಲ್ಲ ಹಿಂದಿನ ತಾರೀಖಿನಲ್ಲಿ ಟೈಫಾಯ್ಡ್ ಬಂದು ವಾಸಿಯೂ ಆಯಿತು. ಡಾಕ್ಟರ ಸರ್ಟಿಫಿಕೇಟು ಕೊಟ್ಟರೆ ಪರೀಕ್ಷೆಗೆ ಕೂರಿಸುವ ನಿಯಮ ಇತ್ತು. ಅವಳಿಗೂ ಹೇಳಿದೆ, ಒಂದು ಮಾಡಿಸೋಣ ಕಣಮ್ಮಿ ಅಂತ.

"ಏನಂತ ಮಾಡುಸ್ತೀಯಣ್ಣ? ಕಾಯಿಲೆ ಹುಡುಗಿ ಅಂತ ಬರುಸ್ಕಂಡು ಊರಿಗೋಗ್ಲಾ? ಆನೆ ಅಂತ ಬರೀತಾರಾ ಕೇಳು, ಬರುಸ್ಕತೀನಿ."

ಆಫೀಸಿನಲ್ಲಿ ಕೇಳಿಯೂ ಕೇಳಿದೆ. ಗುಮಾಸ್ತರು ತಲೆ ಎತ್ತದೆ, "ಆನೆ ಕಾಯಿಲೆ ಅಲ್ವಲ್ಲಪ್ಪ," ಅಂದರು. ಮೈಕು ಹಿಡಿದಿದ್ದ ಮೇಷ್ಟರ ಹತ್ತಿರ ಹೋದೆ. "ನೀನು ಪ್ರತಿನಿಧಿ. ನಿಯಮ ಮುರಿಯೋದಕ್ಕೆ ನೀನೇ ಬಂದ್ರೆ ಹೆಂಗಪ್ಪ?" ಅಂದರು.

ಬಸ್ ಸ್ಟ್ಯಾಂಡಿನಲ್ಲಿ ಅವಳು ಸಿಕ್ಕಳು. ಅಳುತ್ತಿರಲಿಲ್ಲ. ಅತ್ತಿದ್ದರೆ ನನಗೆ ಸುಲಭವಾಗುತ್ತಿತ್ತು. ಮುಂದಿನ ವರ್ಷ ಪರೀಕ್ಷೆಗೆ ಕಟ್ಟಮ್ಮಿ, ನಿಮ್ಮಪ್ಪನಿಗೆ ನಾನೇ ಬಂದು ಹೇಳುತ್ತೇನೆ ಅಂದೆ.

"ಏನಾಗ್ ಬಂದು ಹೇಳ್ತೀಯ? ಪ್ರತಿನಿಧಿಯಾಗಾ?" ಅಂದಳು. "ಬ್ಯಾಡ ಬುಡಣ್ಣ. ನಮ್ಮಪ್ಪಂಗೂ ಒಂದು ಹಾರ ಹಾಕ್ಬುಟ್ಟೀಯ."

ಆದರೂ ಹೋದೆ. ಅವಳ ಅಪ್ಪ ಹುಳದ ಮನೆಯ ಬಾಗಿಲಲ್ಲಿ ಹಿಪ್ಪುನೇರಳೆ ಸೊಪ್ಪು ಕತ್ತರಿಸುತ್ತ, ನನ್ನ ಮಾತನ್ನೆಲ್ಲ ಕೊನೆಯ ತನಕ ಕೇಳಿದ. ಕಾಲೇಜಿನಲ್ಲಿ ಯಾರೂ ಅಷ್ಟು ಹೊತ್ತು ನನ್ನ ಮಾತು ಕೇಳಿರಲಿಲ್ಲ. ಆಮೇಲೆ, "ಓದಿರೋರು ನೀವು, ನಿಮ್ಮ ಕೈಲೇ ಆಗ್ನಿಲ್ಲ. ನಾನೇನು ಮಾಡ್ಲಪ್ಪ?" ಅಂದು ಮತ್ತೆ ಕತ್ತಿ ಎತ್ತಿಕೊಂಡ. ಒಳಗೆ ಅವಳು ತಟ್ಟೆಗಳಿಗೆ ಸೊಪ್ಪು ಹರಡುತ್ತಿದ್ದಳು. ಹೊರಗೆ ಬರಲಿಲ್ಲ.

ನಾನು ಪರೀಕ್ಷೆ ಬರೆದೆ, ಪಾಸಾದೆ. ನಮ್ಮ ದೊಡ್ಡಿಯ ಮೊದಲ ಪದವೀಧರ ನಾನು. ಕಷ್ಟಪಟ್ಟು ಸಂಪಾದಿಸಿದ್ದು, ಅದನ್ನು ಕಡಿಮೆ ಮಾಡಿ ಹೇಳುವ ಸುಳ್ಳು ವಿನಯ ನನಗಿಲ್ಲ. ಈಗ ರಾಮನಗರದಲ್ಲಿ ಕೆಲಸದಲ್ಲಿದ್ದೇನೆ. ಅರ್ಜಿಯಲ್ಲಿ 'ಚುನಾಯಿತ ವಿದ್ಯಾರ್ಥಿ ಪ್ರತಿನಿಧಿ' ಅಂತ ಬರೆದಿದ್ದೆ. ಸಂದರ್ಶನದಲ್ಲಿ ಅದನ್ನೇ ಹಿಡಿದು ಮೆಚ್ಚಿದರು. ನಾಯಕತ್ವದ ಗುಣ ಅಂದರು.

ಪರೀಕ್ಷೆಯ ಮೊದಲ ದಿನದ್ದು ಒಂದು ಮಾತು ಹೇಳಿ ಮುಗಿಸುತ್ತೇನೆ. ಇತಿಹಾಸದ ಪರೀಕ್ಷೆ ಶುರುವಾಗುತ್ತಿದ್ದದ್ದು ಹತ್ತು ಗಂಟೆಗೆ, ಮೊದಲ ಪೀರಿಯಡ್ಡಿಗಿಂತ ತಡವಾಗಿ. ನಾನು ಗೇಟಿನ ಹತ್ತಿರ ಪುಸ್ತಕ ತಿರುವುತ್ತ ನಿಂತಿದ್ದೆ. ಉಯ್ಯಂಬಳ್ಳಿ ಕಡೆಯ ಎರಡನೇ ಬಸ್ಸು ಬಂತು, ಹುಡುಗರು ಇಳಿದರು. ಯಾರೂ ಓಡಲಿಲ್ಲ. ನಲ್ಲಿಯಲ್ಲಿ ಮುಖ ತೊಳೆದು, ನೀರು ಕುಡಿದು, ನಿಧಾನವಾಗಿ ಒಳಗೆ ಹೋದರು. ಆ ಬಸ್ಸಿನಲ್ಲೇ ಹೊರಟಿದ್ದರೂ ಅವಳು ಪರೀಕ್ಷೆಗೆ ಬೇಕಾದಷ್ಟು ಮುಂಚೆಯೇ ಬಂದಿರುತ್ತಿದ್ದಳು.