ಹುಡುಗಿ ಬಂದು ಓದಲಿ

ಬೆಳಿಗ್ಗೆ ಕಾಫಿ ಲೋಟ ಹಿಡಿದು ಕೂತಾಗ ಫೋನಿಗೆ ಒಂದು ಲಗ್ನಪತ್ರಿಕೆಯ ಕರಡು ಬಂತು. ಮದುವೆ ನನ್ನ ತಂಗಿಯ ಮಗಳದು. ಕಳಿಸಿದವರು ತಂಗಿಯ ಗಂಡನ ಅಣ್ಣ. ನೋಡಿ ಓಕೆ ಹಾಕಿ, ಮಧ್ಯಾಹ್ನ ಪ್ರಿಂಟಿಗೆ ಕೊಡುತ್ತೇವೆ ಎಂದು ಕೆಳಗೆ ಬರೆದಿದ್ದರು. 'ತಮ್ಮ ಸುಖಾಗಮನ ಬಯಸುವವರು' ಎಂಬಲ್ಲಿ ದಪ್ಪ ಅಕ್ಷರದಲ್ಲಿ ಸೋದರಮಾವನಾದ ನನ್ನ ಹೆಸರು, ಪಕ್ಕದಲ್ಲಿ ನನ್ನ ಹೆಂಡತಿಯ ಹೆಸರು. ತಂಗಿಯ ಹೆಸರು ಹುಡುಕಿದೆ, ಎಲ್ಲೂ ಇಲ್ಲ. ಅವಳ ಗಂಡ ತೀರಿಕೊಂಡು ಆರು ವರ್ಷವಾಯಿತು. ಅಂಥವರ ಹೆಸರಿನಲ್ಲಿ ಮದುವೆಗೆ ಕರೆಯಬಾರದು ಎಂಬುದು ನಮ್ಮವರ ಲೆಕ್ಕ. ನಾನು ಓಕೆ ಹಾಕಲಿಲ್ಲ. ಕಾಫಿ ಆರಿಹೋಯಿತು. ಇದಕ್ಕೆಲ್ಲ ಸರ್ವಮಂಗಳಾ ಮೇಡಂ ಕಾರಣ.

ಮೇಡಂ ಎಂದರೆ ನನ್ನ ಹಳೆಯ ಬಾಸ್. ಬನಶಂಕರಿ ಎರಡನೇ ಹಂತದಲ್ಲಿ ಅವರದೊಂದು ಪ್ರೆಸ್ ಇತ್ತು. ಮುಂದೆ ಮೇಡಮ್ಮಿನ ಕುರ್ಚಿ, ಮೂಲೆಯಲ್ಲಿ ಒಂದು ಕಂಪ್ಯೂಟರು, ಹಿಂದೆ ಒಂದು ಮಷೀನು. ಹನ್ನೆರಡು ವರ್ಷ ಅಲ್ಲಿ ಲಗ್ನಪತ್ರಿಕೆ ಟೈಪ್ ಮಾಡಿದ್ದೇನೆ. ಹೆಸರು ಸರ್ವಮಂಗಳಾ, ಆದರೆ ಬೈಯಲು ಕೂತರೆ ಮಂಗಳಾರತಿಯೇ. ನೆಂಟರ ಮನೆಗೆ ಹೋದರೆ ನನಗೆ ಒಂದೇ ಪ್ರಶ್ನೆ: ಹೆಂಗಸಿನ ಕೈಕೆಳಗೆ ಹೇಗಪ್ಪಾ ಇದ್ದೀಯ? ಗಂಡಸಿನ ಕೈಕೆಳಗಿದ್ದ ನಿಮ್ಮನ್ನು ಯಾರಾದರೂ ಹೀಗೆ ಕೇಳಿದ್ದಾರಾ ಎಂದು ಈಗಾದರೆ ಕೇಳುತ್ತೇನೆ. ಆಗ ಪೆಚ್ಚುಪೆಚ್ಚಾಗಿ ನಗುತ್ತಿದ್ದೆ. ಆ ನಗು ನೆನೆದರೆ ಇವತ್ತಿಗೂ ನನ್ನ ಮೇಲೇ ಸಿಟ್ಟು ಬರುತ್ತದೆ.

ಪ್ರೆಸ್ಸಿಗೆ ಬಂದವರೂ ಅಷ್ಟೇ. ಎದುರಿಗೆ ಕೂತ ಮೇಡಮ್ಮನ್ನು ದಾಟಿಕೊಂಡು ಮೂಲೆಯಲ್ಲಿದ್ದ ನನ್ನ ಹತ್ತಿರ ಬಂದು, "ಓನರ್ ನೀವೇನಾ ಸಾರ್?" ಎನ್ನುತ್ತಿದ್ದರು. ಮೇಡಂ ನನ್ನ ಬಾಯಿ ನೋಡುತ್ತಿದ್ದರು. ಅವರು ಇದ್ದಾಗ ನನ್ನ ಉತ್ತರ ಸರಿಯಾಗಿಯೇ ಇರುತ್ತಿತ್ತು.

ಅವರದೊಂದು ವಿಚಿತ್ರ ಕಾಯಿದೆ ಇತ್ತು. ಹೆಣ್ಣಿನ ಕಡೆಯ ಪತ್ರಿಕೆಯಾದರೆ ಕರಡಿಗೆ ಅಪ್ಪ, ಚಿಕ್ಕಪ್ಪ ಯಾರ ಸಹಿಯೂ ಸಾಲದು. ಮದುವೆಯಾಗುವ ಹುಡುಗಿಯೇ ಬಂದು, ಸ್ಟೂಲಿನ ಮೇಲೆ ಕೂತು, ಮೊದಲಿನಿಂದ ಕೊನೆಯವರೆಗೆ ಗಟ್ಟಿಯಾಗಿ ಓದಬೇಕು. ಅವಳು ಸರಿ ಎಂದ ಮೇಲೇ ಮಷೀನು ತಿರುಗುವುದು. ಆಫೀಸಿಗೆ ರಜೆ ಹಾಕಿಸಬೇಕಾ ಮೇಡಂ ಎಂದು ಹಿರಿಯರು ಸಿಡುಕುತ್ತಿದ್ದರು. "ಮದುವೆಗೆ ಹೆಂಗೂ ರಜಾ ಹಾಕ್ತಾಳಲ್ಲ, ಇದಕ್ಕೂ ಅರ್ಧ ದಿನ ಹಾಕ್ಲಿ" ಎನ್ನುತ್ತಿದ್ದರು ಮೇಡಂ. ಯಾಕೆ ಈ ಹಟ ಎಂದು ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ. ಕೇಳುವಷ್ಟು ಧೈರ್ಯ ನಮ್ಮ ಮಷೀನಿನವನಿಗೂ ಇರಲಿಲ್ಲ.

ಒಂದು ದಿನ ಮೇಡಂ ಊರಲ್ಲಿರಲಿಲ್ಲ. ಉತ್ತರಹಳ್ಳಿಯ ಹಿರಿಯರೊಬ್ಬರು ತಮ್ಮನ ಮಗಳ ಪತ್ರಿಕೆಗೆ ಬಂದರು. ಹೊಲವಿದ್ದ ಜಾಗದಲ್ಲೆಲ್ಲ ಈಗ ಬಾಡಿಗೆ ಮನೆ ಕಟ್ಟಿಸಿರುವ ಗಟ್ಟಿ ಕುಳ. ಓನರ್ ನೀವೇನಾ ಎಂದರು. ನಾನು ಹೌದು ಎನ್ನಲಿಲ್ಲ. ಅಲ್ಲ ಎಂದೂ ಅನ್ನಲಿಲ್ಲ. ಕುರ್ಚಿಯಲ್ಲಿ ಸ್ವಲ್ಪ ಹಿಂದಕ್ಕೆ ಒರಗಿಕೊಂಡೆ, ಅಷ್ಟೇ. ಹುಡುಗಿ ಯಾಕೆ ಸಾರ್, ನಾವಿಲ್ವಾ ಎಂದು ಅವರು ಸಹಿ ಹಾಕಿದರು. ಓನರ್ ಗತ್ತಿನಲ್ಲಿ ನಾನು ಪ್ರಿಂಟಿಗೆ ಕೊಟ್ಟೆ. ಸಂಜೆಗೆ ಎಂಟುನೂರು ಕಾರ್ಡು ಸಿದ್ಧ.

ಮರುದಿನ ಆ ಹುಡುಗಿ ಬಿ.ಟಿ.ಎಂ. ಲೇಔಟಿನ ಆಫೀಸಿಗೆ ಹೋಗುವ ಮುನ್ನ ಕರಡು ನೋಡಲು ತಾನೇ ಬಂದಳು. ಮೇಡಂ ವಾಪಸ್ಸಾಗಿದ್ದರು. ಅಚ್ಚಾದ ಕಾರ್ಡನ್ನೇ ಅವಳ ಕೈಗೆ ಕೊಟ್ಟೆ. ಗಟ್ಟಿಯಾಗಿ ಓದುತ್ತ ಬಂದವಳು ಸುಖಾಗಮನ ಬಯಸುವವರ ಹತ್ತಿರ ನಿಂತುಬಿಟ್ಟಳು. ಅಲ್ಲಿ ದೊಡ್ಡಪ್ಪ ದೊಡ್ಡಮ್ಮ ಇದ್ದರು. ಅಪ್ಪ ಹೋದ ಮೇಲೆ ಒಬ್ಬಳೇ ಸಾಕಿದ ಅಮ್ಮ ಇರಲಿಲ್ಲ.

ಒಂದು ಕೊಂಬು ತಪ್ಪಿದರೂ ಜನ್ಮ ಜಾಲಾಡುವ ಮೇಡಂ ಅವತ್ತು ಬೈಯಲಿಲ್ಲ. ಟೈಪ್ ಮಾಡುವಾಗ ಗೊತ್ತಾಗಲಿಲ್ಲವೇ ಎಂದು ಮೆಲ್ಲಗೆ ಕೇಳಿದರು. ಸುಳ್ಳು ಹೇಳಬಹುದಿತ್ತು. ಬಾಯಿಗೆ ಬರಲಿಲ್ಲ.

"ಗೊತ್ತಾಯ್ತು ಮೇಡಂ. ಹಂಗೇ ಅಲ್ವಾ ಎಲ್ರೂ ಹಾಕ್ಸೋದು?"

"ಎಲ್ರೂ ಹಾಕ್ಸ್ತಾರೆ ಅಂತಾನೇ ಆ ಸ್ಟೂಲ್ ಅಲ್ಲಿ ಇಟ್ಟಿರೋದು."

ಸುದ್ದಿ ತಿಳಿದು ದೊಡ್ಡಪ್ಪ ಧುಮುಗುಡುತ್ತ ಬಂದರು. ಮೇಡಂ ಮಾತು ಶುರುಮಾಡುವ ಮೊದಲೇ, ಗಂಡಸರು ಯಾರಾದರೂ ಇದ್ದರೆ ಕರೀರಿ, ಹೆಂಗಸರ ಹತ್ತಿರ ನನಗೇನು ಮಾತು ಎಂದರು. ಮೇಡಂ ಪೆನ್ನಿನಿಂದ ನನ್ನ ಕಡೆ ತೋರಿಸಿದರು. ಎದ್ದು ನಿಂತೆ.

"ಓನರ್ ಅವ್ರು ಸಾರ್. ನಾನು ಅವ್ರ ಹತ್ರ ಕೆಲಸ ಮಾಡೋನು. ನಿನ್ನೆ ಹೇಳ್ದೇ ಇದ್ದಿದ್ದು ನನ್ನ ತಪ್ಪು. ಕಾರ್ಡು ಹುಡುಗಿ ಹೇಳ್ದಂಗೆ ಆಗುತ್ತೆ."

ಅವರು ಹುಡುಗಿಯ ಮೇಲೆ ಹರಿಹಾಯ್ದರು. ಅಮ್ಮನ ಹೆಸರಿಲ್ಲದಿದ್ದರೆ ಕಾರ್ಡೇ ಬೇಡ, ಎಲ್ಲರನ್ನೂ ಫೋನಿನಲ್ಲೇ ಕರೆಯುತ್ತೇನೆ ಎಂದು ಅವಳು ಸ್ಟೂಲಿನಿಂದ ಏಳದೆ ಹೇಳಿದಳು. ಎರಡು ದಿನ ಮುನಿಸು ನಡೆಯಿತು. ಮೂರನೇ ದಿನ ಹೊಸ ಕಾರ್ಡು ಹೋಯಿತು. ಅಮ್ಮನ ಹೆಸರು ಮೇಲೆ, ದೊಡ್ಡಪ್ಪನದು ಕೆಳಗೆ.

ಹಳೆಯ ಎಂಟುನೂರು ಕಾರ್ಡನ್ನು ಮೇಡಂ ರದ್ದಿಗೆ ಹಾಕಲಿಲ್ಲ. ಕತ್ತರಿಸಿ, ದಾರ ಕಟ್ಟಿ ನನ್ನ ಟೇಬಲ್ಲಿಗೆ ಇಟ್ಟರು, ಚೀಟಿ ಬರೆದುಕೊಳ್ಳಲು. ವರ್ಷವಿಡೀ ಫೋನ್ ನಂಬರು, ಕಾಫಿ ಪುಡಿ, ಬಸ್ಸಿನ ಸಮಯ ಎಲ್ಲವನ್ನೂ ಆ ಹಾಳೆಗಳ ಬೆನ್ನಿಗೇ ಬರೆದೆ. ಇಂಥ ಬಾಸ್ ನನಗೆ ಮತ್ತೆ ಸಿಗಲಿಲ್ಲ. ಹೆಂಗಸಿನ ಕೈಕೆಳಗೆ ಹನ್ನೆರಡು ವರ್ಷ ಇದ್ದೆ ಎಂದು ಈಗ ಯಾರೂ ಕೇಳದಿದ್ದರೂ ಹೇಳುತ್ತೇನೆ.

ನೋಡಿ, ಮಾತಿನಲ್ಲಿ ಹತ್ತು ಗಂಟೆಯಾಯಿತು. ಕರಡನ್ನು ಜೆ.ಪಿ. ನಗರದಲ್ಲಿರುವ ತಂಗಿಯ ಮಗಳಿಗೆ ಕಳಿಸಿ, ಫೋನ್ ಮಾಡಿ, ಗಟ್ಟಿಯಾಗಿ ಓದಮ್ಮಾ ಎಂದೆ. ಓದಿದಳು. ನನ್ನ ಹೆಸರಿನ ಹತ್ತಿರ ನಿಂತಳು. ಮಾವ ಎಂದಳು. ಅಲ್ಲಿ ಯಾರ ಹೆಸರಿರಬೇಕು ಎಂದು ಕೇಳಿದೆ. ಅಮ್ಮಂದು ಎಂದಳು. ಅಷ್ಟರಲ್ಲಿ ಪಕ್ಕದಲ್ಲಿದ್ದ ತಂಗಿ ಫೋನ್ ಕಿತ್ತುಕೊಂಡಿದ್ದಳು.

"ಬೇಡ ಅಣ್ಣ, ಸುಮ್ನೆ ಗಲಾಟೆ. ನನ್ನ ಹೆಸ್ರು ನೋಡಿದ್ರೆ ಜನ ಏನ್ ಮಾಡ್ತಾರೋ ಏನೋ."

"ಏನ್ ಮಾಡ್ತಾರೆ? ಓದ್ತಾರೆ."

ಅವಳು ಫೋನ್ ಇಡಲಿಲ್ಲ. ಅವಳು ಹಾಗೇ ಲೈನಿನಲ್ಲಿರುವಾಗಲೇ ನಾನು ಅವಳ ಭಾವನಿಗೆ 'ಓಕೆ ಇಲ್ಲ' ಎಂದು ಬರೆದು, ಅದರ ಕೆಳಗೆ ನನ್ನ ತಂಗಿಯ ಹೆಸರನ್ನು ಪೂರ್ತಿಯಾಗಿ ಟೈಪ್ ಮಾಡಿ ಕಳಿಸಿದೆ.