ಅಕ್ಕನ ಎಲುಬಿನ ಫಿಲ್ಮು

ಸುಜಾತ, ನಿನ್ನ ಅಮ್ಮನ ಮದ್ದು ನಿಲ್ಲಿಸಿದವಳು ನಾನು. ಆಸ್ಪತ್ರೆಯವರು ಕೈಬಿಟ್ಟರು ಎಂದು ನಿನಗೆ ಹೇಳಿದ್ದೆನಲ್ಲ — ಅದು ಸುಳ್ಳು. ಇಷ್ಟು ವರ್ಷ ನೀನು ಆ ಡಾಕ್ಟರಿಗೆ ಹಾಕಿದ ಹಿಡಿಶಾಪವೆಲ್ಲ ನನಗೆ ಸಲ್ಲಬೇಕಾದದ್ದು. ನೀನು ಶಪಿಸುವಾಗ ಪಕ್ಕದಲ್ಲಿ ಕೂತು ಹೂಂಗುಟ್ಟಿದ್ದೇನೆ. ನೆನೆದರೆ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳುವಷ್ಟು ಸಿಟ್ಟು ಬರುತ್ತದೆ.

ಅಕ್ಕನ ಎದೆಯ ಕ್ಯಾನ್ಸರ್ ಎಲುಬಿಗೆ ಇಳಿದಿತ್ತು. ನಮ್ಮಲ್ಲಿ ಕಾಯಿಲೆಯವರ ಎದುರು ಕಾಯಿಲೆಯ ಸುದ್ದಿ ಎತ್ತುವುದಿಲ್ಲ. ಮನೆಯವರಲ್ಲಿ ಒಬ್ಬರು ಒಳಗೆ ಹೋಗಿ ಕೇಳಿ ಬರುವುದು, ರೋಗಿ ಹೊರಗೆ ಬೆಂಚಿನ ಮೇಲೆ ಕೂರುವುದು. ಆ ಒಬ್ಬರು ನಾನೇ. ನಮ್ಮ ಕೇರಿಯ ಮೀನು ಮಾರುವ ಹೆಂಗಸರಲ್ಲಿ ಹತ್ತನೇ ಕ್ಲಾಸು ಪಾಸಾದವಳು ನಾನೊಬ್ಬಳೇ ಅಲ್ಲವೇ — ಆ ಜಂಬ! ದೇಹ ಅಕ್ಕನದು, ನೋವು ಅಕ್ಕನದು, ಕೇಳುವ ಕಿವಿ ಮಾತ್ರ ನನ್ನದು. ಎಂತಹ ರೂಢಿ ಇದು? ಯಾರ ಒಳ್ಳೆಯದಕ್ಕೆ?

ಮದ್ದು ಶುರುವಾಗಿ ಕೆಲವು ತಿಂಗಳಿಗೆ ಎಲುಬಿನ ಸ್ಕ್ಯಾನ್ ಎರಡನೇ ಸಲ ಮಾಡಿಸಿದರು. ಸೂಜಿಯಲ್ಲಿ ಔಷಧ ಬಿಟ್ಟು, ಕಾದು, ಇಡೀ ಮೈಯ ಎಲುಬಿನ ಚಿತ್ರ ತೆಗೆಯುತ್ತಾರೆ. ರೋಗವಿದ್ದ ಕಡೆ ಕಪ್ಪು ಚುಕ್ಕೆ ಕಾಣುತ್ತದೆ. ಡಾಕ್ಟರು ನನಗೆ ಬಿಡಿಸಿಯೇ ಹೇಳಿದ್ದರು: "ಚುಕ್ಕೆ ಜಾಸ್ತಿ ಕಾಣ್ತದೆ, ಗಾಬರಿ ಬೇಡ. ವಾಸಿಯಾಗುವ ಎಲುಬೂ ಮೊದಮೊದಲು ಹೀಗೇ ಕಪ್ಪಾಗಿ ಕಾಣುವುದುಂಟು. ಅವರಿಗೆ ನೋವು ಕಮ್ಮಿಯಾಗಿದೆಯಲ್ಲ, ಅದು ಒಳ್ಳೇದು. ಮದ್ದು ಬಿಡಬೇಡಿ. ಇನ್ನೊಂದು ಸ್ಕ್ಯಾನ್ ಮಾಡಿ ನೋಡುವ."

ಕೇಳಿದೆ, ತಲೆಯಾಡಿಸಿದೆ — ನಂಬಲಿಲ್ಲ. ಮನೆಗೆ ಬಂದು ಹಳೆಯ ಫಿಲ್ಮು, ಹೊಸ ಫಿಲ್ಮು ಎರಡನ್ನೂ ಕಿಟಕಿಯ ಬೆಳಕಿಗೆ ಹಿಡಿದೆ. ಬೆನ್ನಿನಲ್ಲಿ, ಪಕ್ಕೆಯಲ್ಲಿ, ಸೊಂಟದಲ್ಲಿ ಮೊದಲು ಇಲ್ಲದ ಕಪ್ಪು. ಕಿವಿರು ಎತ್ತಿ ನೋಡಿದರೆ ಸಾಕು, ಮೀನು ಇವತ್ತಿನದೋ ನಿನ್ನೆಯದೋ ಹೇಳುವವಳು ನಾನು. ಬಣ್ಣ ಕೆಟ್ಟರೆ ಮೀನು ಕೆಟ್ಟಿತು, ಅದರಲ್ಲಿ ಎರಡು ಮಾತಿಲ್ಲ. ಅದೇ ಕಣ್ಣಿನಲ್ಲಿ ಅಕ್ಕನ ಎಲುಬನ್ನೂ ನೋಡಿಬಿಟ್ಟೆ. ಡಾಕ್ಟರು ಹೇಳಿದ್ದು ಬರೀ ಸಮಾಧಾನದ ಮಾತು ಎಂದುಕೊಂಡೆ. ನಾವು ರೋಗಿಗೆ ಹಾಗೆ ಹೇಳುತ್ತೇವಲ್ಲ, ಅವರೂ ನನಗೆ ಹಾಗೇ ಹೇಳಿದರು ಎಂದು...

ಆಗ ಅಕ್ಕ ಅಂಗಳದಲ್ಲಿ ಮೀನು ಒಣಹಾಕುತ್ತಿದ್ದಳು. ಬಗ್ಗಿ ಹರಡುತ್ತಿದ್ದಳು, ಸುಜಾತ! ಮದ್ದಿಗೆ ಮೊದಲು ಚಾಪೆಯಿಂದ ಏಳಲು ಅವಳಿಗೆ ನನ್ನ ಹೆಗಲು ಬೇಕಿತ್ತು. ಕಣ್ಣೆದುರಿನ ಅಕ್ಕನನ್ನು ಬಿಟ್ಟು ಫಿಲ್ಮಿನ ಅಕ್ಕನನ್ನು ನಂಬಿದೆನಲ್ಲ, ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ!

"ಅಕ್ಕ, ಆ ಮದ್ದ್ ತಾಗ್ಲಿಲ್ಲ. ಇನ್ನ್ ಅಲ್ಲಿಗ್ ಹೋಪ್ದ್ ಬ್ಯಾಡ" ಎಂದೆ.

"ನಂಗ್ ನೋವ್ ಕಮ್ಮಿ ಆಯ್ತಲ್ದಾ ಹೆಣೆ?" ಎಂದಳು. ನಾನು ಬುಟ್ಟಿಯ ಮೀನಿಗೆ ಕೈಹಾಕಿದಾಗ, "ಆಯ್ತ್. ಕೇಂಡ್ಕಂಡ್ ಬಂದವ್ಳ್ ನೀನ್. ನೀ ಹೇಳ್ದಾಂಗೆ" ಎಂದು ಮತ್ತೆ ಮೀನಿನತ್ತ ಬಗ್ಗಿದಳು.

ಹಾಲಾಡಿ ಕಡೆಯಿಂದ ನಾಟಿ ಮದ್ದು ತಂದುಕೊಟ್ಟೆ. ಮುಂದಿನ ಮಳೆಗಾಲದಲ್ಲಿ ಬೆನ್ನುಮೂಳೆ ಕುಸಿದು ಅವಳ ಕಾಲಿನ ಬಲ ಹೋಯಿತು. ಮತ್ತೆ ಅದೇ ಆಸ್ಪತ್ರೆ, ಅದೇ ಡಾಕ್ಟರು, ಒಳಗೆ ಹೋದವಳು ಮತ್ತೆ ನಾನೇ. "ಯಾಕೆ ನಿಲ್ಲಿಸಿದ್ರಿ? ಅವತ್ತು ಮದ್ದು ಹಿಡೀತಾ ಇದೆ ಅಂತ್ಲೇ ನಮಗೆ ಅನ್ನಿಸಿದ್ದು" ಎಂದರು. ನನ್ನ ನಾಲಿಗೆ ಏಳಲಿಲ್ಲ. ಹೊರಗೆ ಬಂದು ನಿನ್ನ ಮುಖ ಕಂಡ ಕೂಡಲೇ ಎದ್ದಿತು ನೋಡು! "ಡಾಕ್ಟ್ರ್ ಕೈಬಿಟ್ರ್ ಮಗಾ. ಅವ್ರ್ ಮದ್ದೇ ಅವ್ಳನ್ನ ತಿಂದದ್ದ್" ಎಂದೆ. ನೀನು ನಂಬಿದೆ. ಅಕ್ಕ ಆ ಮಳೆಗಾಲ ದಾಟಲಿಲ್ಲ.

ಮದ್ದು ಮುಂದುವರಿಸಿದ್ದರೆ ಅವಳು ಎಷ್ಟು ಕಾಲ ಇರುತ್ತಿದ್ದಳೋ, ಯಾರಿಗೂ ಗೊತ್ತಿಲ್ಲ. ಆ ಕಾಲ ಎಷ್ಟೇ ಇರಲಿ, ಅದನ್ನು ಕಿತ್ತುಕೊಂಡವಳು ನಾನು. ಬುದ್ಧಿಯಿಲ್ಲದೆ ಮಾಡಿದ್ದು ಎಂದು ಹೇಳಿ ನುಣುಚಿಕೊಳ್ಳಲಾರೆ — ನಿನಗೆ ಸುಳ್ಳು ಹೇಳುವಾಗ ಬುದ್ಧಿ ಚೆನ್ನಾಗಿಯೇ ಇತ್ತು.

ಮೊನ್ನೆ ನೀನು ನಿನ್ನ ಎದೆಯಲ್ಲೂ ಗಂಟು ಕಾಣುತ್ತಿದೆ ಎಂದೆ. ಆಸ್ಪತ್ರೆಗೆ ತೋರಿಸು ಎಂದರೆ, "ಅಮ್ಮನ್ ಕೊಂದವ್ರ್ ಹತ್ರ ನಾ ಹೋಪುದಿಲ್ಲ ಚಿಕ್ಕಿ" ಎಂದು ನೀನು ಫೋನಿಟ್ಟೆ. ನನ್ನ ಸುಳ್ಳು ಅಕ್ಕನ ಜೊತೆ ಸುಟ್ಟುಹೋಗಿಲ್ಲ, ಈಗ ನಿನ್ನನ್ನು ಹಿಡಿದಿದೆ. ಇನ್ನೂ ಬಾಯಿ ಮುಚ್ಚಿಕೊಂಡಿದ್ದರೆ ನಾನು ಮನುಷ್ಯಳೇ?

ಅಮ್ಮನನ್ನು ಕೊಂದವರ ಹತ್ತಿರ ಹೋಗಬೇಡ, ಸರಿ — ನನ್ನ ಮನೆಗೆ ಬರಬೇಡ. ಬೈ, ಮುಖಕ್ಕೆ ಉಗಿ, ಚಿಕ್ಕಿ ಎಂದು ಕರೆಯುವುದನ್ನೇ ಬಿಡು. ಆದರೆ ನಾಳೆ ಆಸ್ಪತ್ರೆಗೆ ಹೊರಡು. ಬೈಂದೂರು ಬಸ್‌ಸ್ಟ್ಯಾಂಡಿನಲ್ಲಿ ನಿಂತಿರುತ್ತೇನೆ; ನೀನು ಮಾತಾಡಿಸದಿದ್ದರೂ ನೀನು ಹತ್ತಿದ ಬಸ್ಸನ್ನೇ ಹತ್ತುತ್ತೇನೆ. ಅಲ್ಲಿ ಒಳಗೆ ನೀನೇ ಹೋಗು, ನಿನ್ನ ಕಿವಿಯಿಂದಲೇ ಕೇಳು. ಅಕ್ಕ ಕೂರುತ್ತಿದ್ದ ಬೆಂಚಿನ ಮೇಲೆ ನಾನು ಕೂತಿರುತ್ತೇನೆ. ಏನಂದರು ಎಂದು ಕೇಳುವುದಿಲ್ಲ.